ತಕ್ಕಡಿಯಿಂದ ಜಾರಿದ ಕಾಸು

ಟಿಪ್ಪು ಸುಲ್ತಾನನ ಆನೆ ಕಾಸಿನ ಒಂದು ಮಗ್ಗುಲಲ್ಲಿ ಬಾಲ ಎತ್ತಿ ನಿಂತ ಆನೆ ಇರುತ್ತದೆ, ಇನ್ನೊಂದರಲ್ಲಿ ಪರ್ಷಿಯನ್ ಲಿಪಿಯ ನಾಲ್ಕಾರು ಅಕ್ಷರ. ಹಳೆ ಮೈಸೂರಿನ ಬೋಗಾರರ ಅಂಗಡಿಗಳಲ್ಲಿ, ಗುಜರಿ ಗೂಡುಗಳಲ್ಲಿ, ತೂತುಬಿದ್ದ ಚೆಂಬು, ಕಿವಿ ಮುರಿದ ಕೊಳಗ, ಸವೆದ ಸೌಟುಗಳ ನಡುವೆ ಇವು ಸಿಕ್ಕುತ್ತಲೇ ಬಂದಿವೆ. ಒಂದೊಂದೂ ಸುಮಾರು 11 ಗ್ರಾಂ ತಾಮ್ರ. ಬೊಗಸೆ ತುಂಬ ಹಿಡಿದರೂ ಒಂದೇ ಬಣ್ಣ, ಒಂದೇ ವಾಸನೆ. ತಿರುಗಿಸಿ ಓದಬಲ್ಲವರಿಗೆ ಮಾತ್ರ ಆ ಬೊಗಸೆಯಲ್ಲಿ ಬೇರೆ ಬೇರೆ ಊರುಗಳು ಕಾಣುತ್ತವೆ. ಹೆಚ್ಚಿನವುಗಳ ಮೇಲೆ ‘ಪಟನ್’ ಎಂದಿರುತ್ತದೆ, ಅಂದರೆ ಶ್ರೀರಂಗಪಟ್ಟಣ. ಕೆಲವುದರ ಮೇಲೆ ‘ನಗರ’, ಹೈದರಾಲಿ 1763ರಲ್ಲಿ ಗೆದ್ದುಕೊಂಡ ಬಿದನೂರು. ‘ಫರ್ರುಖ್‌ಯಾಬ್ ಹಿಸಾರ್’ ಎಂದಿದ್ದರೆ ಚಿತ್ರದುರ್ಗ, ‘ನಜರ್‌ಬಾರ್’ ಎಂದಿದ್ದರೆ ಮೈಸೂರು. ಎಲ್ಲೋ ಒಮ್ಮೆ ‘ಖುರ್ಷೀದ್ ಸವಾದ್’ ಎಂದು ಓದಿಸಿಕೊಳ್ಳುವ ಕಾಸು ಕೈಗೆ ಬರುತ್ತದೆ. ಅದು ಧಾರವಾಡ.

ಧಾರವಾಡದ ಟಂಕಸಾಲೆಗೆ ಆಯುಸ್ಸು ಬಹಳ ಇರಲಿಲ್ಲ. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವೂವಿನ ಮರಾಠಾ ದಂಡು, ಕ್ಯಾಪ್ಟನ್ ಲಿಟಲ್‌ನ ಮುಂಬಯಿ ತುಕಡಿಯ ಜೊತೆ ಸೇರಿ ಕೋಟೆಗೆ ಮುತ್ತಿಗೆ ಹಾಕಿತು. ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್ ತಿಂಗಳುಗಟ್ಟಲೆ ಹಿಡಿದು ನಿಂತ. 1791ರ ಏಪ್ರಿಲಿನಲ್ಲಿ ಕೋಟೆ ಬಿತ್ತು. ಶ್ರೀರಂಗಪಟ್ಟಣದ ಅಚ್ಚುಗಳು ಮುಂದೆಯೂ ಕೆಲಸ ಮಾಡಿದವು, ಧಾರವಾಡದವು ಅಲ್ಲಿಗೇ ನಿಂತವು. ಹಾಗಾಗಿ ಕೆಲವೇ ವರ್ಷಗಳಲ್ಲಿ ಒತ್ತಿದ ಆ ಕಾಸಿಗೆ ನಾಣ್ಯ ಬಲ್ಲವರು ಬೇರೆಯೇ ಬೆಲೆ ಕಟ್ಟುತ್ತಾರೆ. ತಕ್ಕಡಿಗೆ ಇದಾವುದೂ ಗೊತ್ತಿಲ್ಲ. ಅದರ ಪಾಲಿಗೆ ಪಟ್ಟಣದ ಕಾಸೂ ಧಾರವಾಡದ ಕಾಸೂ ಒಂದೇ ತಾಮ್ರ.

ಇಸವಿಯನ್ನು ಓದುವುದರಲ್ಲೂ ಒಂದು ಮರ್ಮವಿದೆ. ಟಿಪ್ಪು ಮೊದಲು ಹಿಜರಿ ವರ್ಷವನ್ನೇ ಹಾಕಿಸುತ್ತಿದ್ದ. 1787ರ ಹೊತ್ತಿಗೆ ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆಯನ್ನು ತಂದ, ಜೊತೆಗೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು ಎಡದಿಂದ ಓದುವವರ ಕಣ್ಣಿಗೆ 5121 ಆಗಿ ಕಾಣುತ್ತದೆ. ಗೊತ್ತಿಲ್ಲದವರು ಅದನ್ನು ಅಚ್ಚಿನ ತಪ್ಪೆಂದೋ ಖೋಟಾ ಎಂದೋ ಬದಿಗಿಟ್ಟರೆ ಆಶ್ಚರ್ಯವಿಲ್ಲ. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನೋಡಿಕೊಂಡಿದ್ದ ಜೆ. ಆರ್. ಹೆಂಡರ್‌ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆಯೇ ಒಂದು ಪುಸ್ತಕ ತಂದು ಈ ಟಂಕಸಾಲೆಗಳನ್ನೂ ಇಸವಿಗಳನ್ನೂ ಸಾಲಾಗಿ ಜೋಡಿಸಿಟ್ಟರು. ಗುಜರಿ ರಾಶಿಯಲ್ಲಿ ಕೈಯಾಡಿಸುವವರಿಗೆ ಅದು ಇಂದಿಗೂ ದಾರಿದೀಪ.

ಕಡಿಮೆ ದುಡ್ಡಿಗೆ ಕೊಂಡ ಒಟ್ಟು ರಾಶಿಯಲ್ಲಿ ಬೆಲೆಬಾಳುವ ಹಳೆಯ ನಾಣ್ಯವೊಂದು ಸಿಕ್ಕುವುದನ್ನು ಜನ ಅದೃಷ್ಟ ಎನ್ನುತ್ತಾರೆ. ಅದೃಷ್ಟ ಇರಬಹುದು. ಆದರೆ ದಕ್ಷಿಣ ಭಾರತದ ಮಟ್ಟಿಗೆ ಅದಕ್ಕೊಂದು ಇತಿಹಾಸವೇ ಇದೆ. ಈ ನೆಲದಲ್ಲಿ ನಾಣ್ಯವನ್ನು ಯಾವಾಗಲೂ ಎರಡು ಬಗೆಯಲ್ಲಿ ಅಳೆದಿದ್ದಾರೆ: ತೂಕದಿಂದ ಮತ್ತು ಬರಹದಿಂದ. ಬಹುಪಾಲು ತೂಕವೇ ಗೆದ್ದಿದೆ. ಚುಟುಗಳ, ಹೊಯ್ಸಳರ, ಪಾಂಡ್ಯರ ನಾಣ್ಯಗಳೆಂದು ಇಂದು ಗಾಜಿನ ಪೆಟ್ಟಿಗೆಯಲ್ಲಿ ಕಾಣುವುದರಲ್ಲಿ ಬಹಳಷ್ಟು ಹೇಗೋ ತಕ್ಕಡಿಯಿಂದ ಜಾರಿ, ಮೂಸೆಗೆ ಬೀಳದೆ ಉಳಿದ ಶೇಷ.

ಕನ್ನಡದಲ್ಲಿ ಸಂಪತ್ತಿಗೆ ಇರುವ ಹಲವು ಮಾತುಗಳು ಒಂದು ಕಾಲಕ್ಕೆ ನಾಣ್ಯಗಳ ಹೆಸರೇ. ಹೊನ್ನು, ಹಣ, ದುಡ್ಡು, ಕಾಸು ಒಂದೊಂದೂ ಬೇರೆ ಬೇರೆ ಬಿಲ್ಲೆ. ಹಾಗ, ವೀಸಗಳು ಶಾಸನಗಳಲ್ಲಿ ಉಳಿದಿವೆ. ‘ನಾಣ್ಯವಾದ ಮಾಲು’ ಎಂದರೆ ಕಲಬೆರಕೆಯಿಲ್ಲದ್ದು. ಲೋಹ ಶುದ್ಧವಾಗಿದೆಯೇ ಎಂಬ ಪ್ರಶ್ನೆ ಭಾಷೆಯೊಳಕ್ಕೇ ಇಳಿದುಬಿಟ್ಟಿದೆ.

ಅದನ್ನು ಪರೀಕ್ಷಿಸುವವನು ಚಿನಿವಾರ. ಒರೆಗಲ್ಲು, ತಕ್ಕಡಿ, ಗುಲಗಂಜಿ ಅವನ ಸಾಮಾನು. ಅವನಿಗೆ ಕೆಲಸ ಎಷ್ಟಿತ್ತೆಂದು ತಿಳಿಯಲು 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಕಥನ ನೋಡಬೇಕು. ಸುಲ್ತಾನಿ ವರಹ, ಬಹಾದ್ದೂರಿ ವರಹ, ಇಕ್ಕೇರಿ ವರಹ, ಕಂಠೀರಾಯಿ ಹಣ, ಬಗೆಬಗೆಯ ರೂಪಾಯಿಗಳು ಒಂದೇ ಪೇಟೆಯಲ್ಲಿ ಓಡಾಡುತ್ತಿದ್ದವು. ಹೈದರನ ಬಹಾದ್ದೂರಿ ವರಹವಂತೂ ಒಂದು ವಿಶೇಷ. ಇಕ್ಕೇರಿ ವರಹದ ಮೇಲಿದ್ದ ಉಮಾಮಹೇಶ್ವರರನ್ನು ಅವನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಒತ್ತಿಸಿದ. ಜನ ನಂಬಿದ ನಾಣ್ಯದ ಮುಖವನ್ನು ಬದಲಾಯಿಸಿದರೆ ಚಿನಿವಾರ ವಟ್ಟ ಹಿಡಿಯುತ್ತಾನೆಂಬುದು ರಾಜರಿಗೂ ಗೊತ್ತಿತ್ತು.

ವಟ್ಟ ಎಂದರೆ ಚಿನಿವಾರ ಮುರಿದುಕೊಳ್ಳುವ ಭಾಗ. ನಾಣ್ಯ ಸವೆದಿದ್ದರೆ, ಪರವೂರಿನದಾಗಿದ್ದರೆ, ಹಳೆಯ ರಾಜನದಾಗಿದ್ದರೆ ಅಷ್ಟಷ್ಟು ಕಡಿತ. ಕಡಿತ ಹೆಚ್ಚಾದ ನಾಣ್ಯ ಕೊನೆಗೆ ಲೋಹವಾಗಿಯೇ ಮಾರಾಟವಾಗಿ ಕುಲುಮೆಗೆ ಹೋಗುತ್ತಿತ್ತು. ಹೊಸ ರಾಜ ಬಂದಾಗ ಹಳೆಯ ರಾಜನ ಚಿನ್ನ ಕರಗಿ ಹೊಸ ಅಚ್ಚಿನ ಕೆಳಗೆ ಬರುತ್ತಿತ್ತು. ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿ, ಒಂದು ಕಾಲಕ್ಕೆ ಟಂಕಸಾಲೆಯ ಊರು. ಅಲ್ಲಿನ ‘ಲೊಕ್ಕಿ ಗದ್ಯಾಣ’ವೆಂಬ ಚಿನ್ನದ ನಾಣ್ಯದ ಲೆಕ್ಕದಲ್ಲಿ ಎಷ್ಟೋ ದಾನಗಳು ಶಾಸನಗಳಲ್ಲಿ ದಾಖಲಾಗಿವೆ. ಕಲ್ಲಿನ ಮೇಲೆ ಬರೆದ ಗದ್ಯಾಣಗಳಿಗೂ ಕೈಗೆ ಸಿಕ್ಕ ಗದ್ಯಾಣಗಳಿಗೂ ಸಂಖ್ಯೆಯಲ್ಲಿ ಹೋಲಿಕೆಯೇ ಇಲ್ಲ. ಉಳಿದದ್ದು ಎಲ್ಲಿಗೆ ಹೋಯಿತು ಎಂದರೆ ಕಿವಿಯ ಓಲೆಗೆ, ಕೈಯ ಬಳೆಗೆ, ದೇವರ ಕಿರೀಟಕ್ಕೆ.

ಹೊಯ್ಸಳರದೇ ಉದಾಹರಣೆ ತೆಗೆದುಕೊಳ್ಳಬಹುದು. 1116ರಲ್ಲಿ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಕಿತ್ತುಕೊಂಡ. ಆ ಗೆಲುವು ಅವನ ಚಿನ್ನದ ನಾಣ್ಯದ ಮೇಲೆ ಕನ್ನಡ ಅಕ್ಷರಗಳಲ್ಲಿ ಕೂತಿತು: ‘ಶ್ರೀ ತಳಕಾಡುಗೊಂಡ’. ಇನ್ನೊಂದರ ಮೇಲೆ ‘ಶ್ರೀ ನೊಣಂಬವಾಡಿಗೊಂಡ’. ರಾಜ ತನ್ನ ಹೆಸರನ್ನೇ ಬಿಟ್ಟು, ಗೆದ್ದ ಊರಿನ ಹೆಸರನ್ನು ಹಣದ ಮೇಲೆ ಬರೆಸಿ ಪೇಟೆಗೆ ಬಿಡುವುದೆಂದರೆ ಅದು ಆ ಕಾಲದ ಡಂಗುರ. ಅಂಥ ಡಂಗುರವೂ ಅಕ್ಕಸಾಲಿಯ ಮುಂದೆ ಕೆಲವು ಗುಲಗಂಜಿ ತೂಕದ ಚಿನ್ನ ಮಾತ್ರ.

ಈ ನಾಣ್ಯಗಳನ್ನು ಅಚ್ಚಿನ ಪುಟಕ್ಕೆ ತಂದವರಲ್ಲಿ ವಾಲ್ಟರ್ ಎಲಿಯಟ್ ಮುಖ್ಯ. 1803ರಲ್ಲಿ ಹುಟ್ಟಿದ ಈತ ಮದರಾಸಿನ ಸಿವಿಲ್ ಸೇವೆಗೆ ಸೇರಿ ಎಳೆಯ ವಯಸ್ಸಿನಲ್ಲೇ ಧಾರವಾಡದ ಸೀಮೆಗೆ ಬಂದ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಈತನೂ ಒಬ್ಬ, ಇನ್ನೊಬ್ಬ ಸ್ಟೀವನ್‌ಸನ್. ಬಿಡುಗಡೆಯಾದ ಮೇಲೂ ಆ ಸೀಮೆ ಬಿಡದೆ ಕನ್ನಡ ಶಾಸನಗಳ ನಕಲು ಮಾಡಿಸುತ್ತ, ನಾಣ್ಯ ಕೂಡಿಸುತ್ತ ವರ್ಷಗಳನ್ನು ಕಳೆದ. ದಕ್ಷಿಣ ಭಾರತದ ನಾಣ್ಯಗಳ ಬಗೆಗಿನ ಅವನ ಪುಸ್ತಕ ಹೊರಬಂದದ್ದು 1886ರಲ್ಲಿ, ಸಾಯುವ ಹಿಂದಿನ ವರ್ಷ. ಅಷ್ಟರಲ್ಲಿ ಅವನ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಆರು ದಶಕಗಳ ಹಿಂದೆ ಧಾರವಾಡ ಸೀಮೆಯಲ್ಲಿ ಕೈಗೆ ಬಂದ ಗದ್ಯಾಣ, ವರಹಗಳನ್ನು ಕಾಣದ ಕಣ್ಣಿನ ಮುದುಕನೊಬ್ಬ ನೆನಪು ಮತ್ತು ಬೆರಳುಗಳಿಂದ ಮತ್ತೆ ತಡವಿದ್ದನ್ನು ನೆನೆದರೆ ಮನಸ್ಸು ಕರಗುತ್ತದೆ. ಆ ಸಂಗ್ರಹ ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಅವನಿಗಿಂತ ಮೊದಲು ಕಾಲಿನ್ ಮೆಕೆಂಜಿ. ಟಿಪ್ಪು ಸತ್ತ ಮೇಲೆ ಮೈಸೂರಿನ ಸರ್ವೆಗೆ ಬಂದವನು ಅಳತೆಯ ಸರಪಳಿಯ ಜೊತೆಗೆ ಕೈಫಿಯತ್ತು, ಶಾಸನ, ನಾಣ್ಯ ಎಲ್ಲವನ್ನೂ ಒಟ್ಟುಮಾಡಿದ. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸಹೋದರರು ಊರೂರು ಅಲೆದು ಅವನಿಗಾಗಿ ದುಡಿದರು. ಅವನು ತೀರಿಕೊಂಡ ಮೇಲೆ ಎಚ್. ಎಚ್. ವಿಲ್ಸನ್ ಪಟ್ಟಿ ಮಾಡಿದಾಗ ನಾಣ್ಯಗಳ ಲೆಕ್ಕ 6,218ಕ್ಕೆ ಬಂತು. 1889ರಲ್ಲಿ ಟಫ್ನೆಲ್ ಎಂಬ ಕ್ಯಾಪ್ಟನ್ ದಕ್ಷಿಣ ಭಾರತದಲ್ಲಿ ನಾಣ್ಯ ಕೂಡಿಸುವವರಿಗೆ ಸೂಚನೆಗಳು ಎಂಬರ್ಥದ ಹೆಸರಿಟ್ಟು ಪುಸ್ತಕವನ್ನೇ ಬರೆದ. ಅಂದರೆ ಅಷ್ಟು ಹೊತ್ತಿಗೆ ಪೇಟೆಯ ರಾಶಿಯಿಂದ ನಾಣ್ಯ ಹೆಕ್ಕುವುದು ಒಂದು ವಿದ್ಯೆಯಾಗಿ ನೆಲೆಯೂರಿತ್ತು.

ರಾಶಿಗೆ ರಾಶಿಯೇ ತಕ್ಕಡಿಗೆ ಹೋದದ್ದರ ದೊಡ್ಡ ಕಥೆ ನೆರೆಯ ಮಲಬಾರಿನದು. 1847ರಲ್ಲಿ ಕಣ್ಣೂರಿನ ಪೂರ್ವಕ್ಕಿರುವ ಕೋಟ್ಟಯಂ ಎಂಬಲ್ಲಿ ರೋಮನ್ ಚಿನ್ನದ ನಾಣ್ಯಗಳ ನಿಧಿ ಕಂಡಿತು. ಐದು ಆಳು ಹೊರೆಯಷ್ಟಿತ್ತು ಎಂಬುದು ಅಂದಿನ ಬರಹಗಳಲ್ಲಿ ಉಳಿದ ಮಾತು. ಆಗಷ್ಟೇ ಅಚ್ಚಿನಿಂದ ತೆಗೆದಂತೆ ಹೊಳೆಯುವ, ಸೀಸರುಗಳ ಮುಖವಿದ್ದ ಚಿನ್ನ. ಸಿಕ್ಕಿದವರು ಸದ್ದಿಲ್ಲದೆ ಅಲ್ಲಿಷ್ಟು ಇಲ್ಲಿಷ್ಟು ಅಗ್ಗಕ್ಕೆ ಮಾರಿದರು. ಕೊಂಡ ಚಿನ್ನದ ವ್ಯಾಪಾರಿಗಳು ಶುದ್ಧ ಚಿನ್ನವೆಂದು ಸಂತೋಷಪಟ್ಟು ಕರಗಿಸಿದರು. ಸುದ್ದಿ ದೊಡ್ಡವರ ಕಿವಿಗೆ ಬಿದ್ದು ತಿರುವಾಂಕೂರಿನ ಮಹಾರಾಜರು ಒಂದು ಪಾಲನ್ನು ಕೊಂಡು ಉಳಿಸಿದರು. ಅವುಗಳ ವಿವರಣೆ 1851ರಲ್ಲಿ ತಿರುವನಂತಪುರದಲ್ಲಿ ಅಚ್ಚಾಯಿತು. ಒಂದು ಸಾವಿರದ ಎಂಟುನೂರು ವರ್ಷ ಮಣ್ಣು ಕಾಪಾಡಿದ್ದನ್ನು ಕುಲುಮೆ ಕೆಲವೇ ದಿನಗಳಲ್ಲಿ ಮುಗಿಸಿತು.

ಕರ್ನಾಟಕಕ್ಕೂ ರೋಮಿನ ಹಣ ಬಂದಿತ್ತು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ದಾರಿಗೆ ಮಣ್ಣು ಅಗೆಯುವಾಗ ಒಂದು ಮಡಕೆ ಸಿಕ್ಕಿತು, ಒಳಗೆ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ದಿನಾರಿಯಸ್ಸುಗಳು. ಹಾವೇರಿಯ ಅಕ್ಕಿಆಲೂರಿನಲ್ಲಿ ರೋಮ್ ಸಾಮ್ರಾಜ್ಯದ ಕೊನೆಗಾಲದ, ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳ ಚಿನ್ನದ ನಾಣ್ಯಗಳು ಸಿಕ್ಕಿವೆ. ಹೊರದೇಶದ ಚಿನ್ನ ಕೊರಳಿಗೂ ಏರಿದೆ. ಕನ್ನಡ ಹೆಂಗಸರ ಪುತ್ತಳಿ ಸರದ ಬಿಲ್ಲೆಯ ಮೂಲಪುರುಷ ವೆನಿಸ್ ನಗರದ ಡಕಾಟ್ ಎಂಬ ನಾಣ್ಯ. 1284ರಿಂದ ಒತ್ತಿದ, ಮೂರೂವರೆ ಗ್ರಾಂ ತೂಗುವ, ಹೆಚ್ಚುಕಡಿಮೆ ಅಪ್ಪಟ ಚಿನ್ನ. ಅದರ ಮೇಲೆ ವೆನಿಸ್ಸಿನ ಒಡೆಯ ಸಂತ ಮಾರ್ಕನ ಮುಂದೆ ಮಂಡಿಯೂರಿದ್ದಾನೆ. ನಮ್ಮ ಜನಕ್ಕೆ ಆ ಆಕೃತಿಗಳು ಬೊಂಬೆಗಳಂತೆ ಕಂಡವು, ಹಾಗಾಗಿ ಪುತ್ತಳಿ. ಮುಂದೆ ಇಲ್ಲಿನ ಅಕ್ಕಸಾಲಿಗಳೇ ಅದನ್ನು ನೋಡಿ ಸರಕ್ಕೆಂದು ಬಿಲ್ಲೆ ಮಾಡಿದರು. ಅಜ್ಜಿಯ ಸರ ಮುರಿಸಲು ಹೋದಾಗ ಇಲ್ಲಿ ಮಾಡಿದ ಬಿಲ್ಲೆಗಳ ನಡುವೆ ಒಂದು ನಿಜವಾದ ಡಕಾಟ್ ಕೂತಿರುವುದು ಅಸಂಭವವೇನಲ್ಲ. ಚಿನ್ನದ ದರದಲ್ಲಿ ಎರಡಕ್ಕೂ ಬಹಳ ವ್ಯತ್ಯಾಸ ಬರುವುದಿಲ್ಲ, ಹಾಗಾಗಿ ಯಾರೂ ತಿರುಗಿಸಿ ನೋಡುವುದಿಲ್ಲ.

ಚಿನ್ನಕ್ಕಿಂತ ಸೀಸಕ್ಕೆ ಬದುಕುವ ಅವಕಾಶ ಹೆಚ್ಚಿತ್ತು. ಅಗ್ಗದ ಲೋಹವೆಂದೇ ಅದು ಉಳಿಯಿತು. ಕಾರವಾರದ ಕಡೆಯಿಂದ ಬಂದ ದೊಡ್ಡ ದೊಡ್ಡ ಸೀಸದ ನಾಣ್ಯಗಳನ್ನು ಇ. ಜೆ. ರ‍್ಯಾಪ್ಸನ್ 1908ರ ತನ್ನ ಪಟ್ಟಿಯಲ್ಲಿ ಸೇರಿಸಿದ. ಒಂದು ಕಡೆ ಕಮಾನುಗಳನ್ನು ಪೇರಿಸಿದಂಥ ಬೆಟ್ಟ, ಇನ್ನೊಂದು ಕಡೆ ಕಟಾಂಜನದೊಳಗಿನ ಮರ, ಸುತ್ತ ಬ್ರಾಹ್ಮಿ ಅಕ್ಷರ. ಚುಟುಕಡಾನಂದ, ಮುಡಾನಂದ ಎಂಬ ಚುಟು ಅರಸರ ಹೆಸರುಗಳು ಅಲ್ಲಿವೆ. ಚಿತ್ರದುರ್ಗದ ಕಡೆಯ ಸೀಸದ ಬಿಲ್ಲೆಗಳು ಸದಕಣ ವಂಶದ ಮಹಾರಠಿಯೊಬ್ಬನನ್ನು ಬೆಳಕಿಗೆ ತಂದವು. ಕದಂಬ ಮಯೂರಶರ್ಮನಿಗಿಂತ ಹಿಂದಿನ ಕನ್ನಡ ನಾಡಿನ ಕಥೆ, ಈ ಸೀಸದ ತುಂಡುಗಳು ಇಲ್ಲದಿದ್ದರೆ, ಎಷ್ಟು ಖಾಲಿ ಇರುತ್ತಿತ್ತೆಂದು ಊಹಿಸುವುದೂ ಕಷ್ಟ. ಬೂದುಬಣ್ಣದ, ಮೆತ್ತಗಿನ, ಯಾರ ಕಣ್ಣಿಗೂ ಬೀಳದ ವಸ್ತು ಅದು.

ಒಟ್ಟು ರಾಶಿಯಲ್ಲಿ ಸಿಕ್ಕ ಒಂದು ತುಂಡು ಇತಿಹಾಸದ ಒಂದು ಮಾತನ್ನೇ ತಿದ್ದಿದ್ದು ಮದುರೈಯಲ್ಲಿ. ಸಂಗಂ ಕಾಲದ ತಮಿಳು ಅರಸರು ತಮ್ಮದೇ ಹೆಸರಿನ ನಾಣ್ಯ ಒತ್ತಿಸಲಿಲ್ಲ ಎಂದು ವಿದ್ವಾಂಸರು ಬಹುಕಾಲ ನಂಬಿದ್ದರು. ದಿನಮಲರ್ ಪತ್ರಿಕೆಯ ಸಂಪಾದಕರಾಗಿದ್ದ ಆರ್. ಕೃಷ್ಣಮೂರ್ತಿಯವರಿಗೆ ಹಳೆಯ ನಾಣ್ಯ ಕೊಳ್ಳುವ ಹವ್ಯಾಸವಿತ್ತು. 1980ರ ದಶಕದ ನಡುವೆ ಮದುರೈಯ ವ್ಯಾಪಾರಿಯಿಂದ ಕೊಂಡ ನಾಣ್ಯಗಳಲ್ಲಿ ಒಂದು ಚೌಕಾಕಾರದ ತಾಮ್ರದ ತುಂಡಿತ್ತು. ಮೇಲಿನ ಕಿಲುಬು ಬಿಡಿಸಿದಾಗ ಒಂದು ಕುದುರೆ ಕಾಣಿಸಿತು, ಅದರ ಮೇಲ್ಗಡೆ ಅಕ್ಷರಗಳು. ತಮಿಳು ಬ್ರಾಹ್ಮಿಯಲ್ಲಿ ‘ಪೆರುವಳುದಿ’ ಎಂದಿತ್ತು, ಪಾಂಡ್ಯರ ಹೆಸರು. ಹಿಂಬದಿಯಲ್ಲಿ ಗೆರೆಗಳಲ್ಲಿ ಬಿಡಿಸಿದ ಮೀನು, ಅದು ಪಾಂಡ್ಯರ ಲಾಂಛನವೇ. ಮುಂದೆ ಕರೂರಿನ ಅಮರಾವತಿ ನದಿಯ ಮರಳಿನಿಂದ ಚೇರರ ನಾಣ್ಯಗಳೂ ಬಂದವು, ಅವುಗಳಲ್ಲಿ ‘ಮಾಕ್ಕೋದೈ’ ಎಂದು ಬರೆದ, ಅರಸನ ಮುಖವುಳ್ಳ ಬೆಳ್ಳಿ ನಾಣ್ಯ ಹೆಸರಾಯಿತು. ಕೃಷ್ಣಮೂರ್ತಿಯವರು 1997ರಲ್ಲಿ ಸಂಗಂ ಕಾಲದ ನಾಣ್ಯಗಳ ಬಗ್ಗೆ ಪುಸ್ತಕ ಬರೆದರು.

ಆ ಚೌಕದ ತಾಮ್ರ ಎಷ್ಟು ಕೈ ದಾಟಿ ಮದುರೈಯ ಅಂಗಡಿಗೆ ಬಂದಿರಬಹುದು! ಅಷ್ಟು ಕೈಗಳಲ್ಲಿ ಒಬ್ಬರಾದರೂ ಅದನ್ನು ಪಾತ್ರೆ ಎರಕ ಹೊಯ್ಯುವವರಿಗೆ ಕೊಟ್ಟಿದ್ದರೆ ಪೆರುವಳುದಿ ಇಂದಿಗೂ ಹಾಡಿನ ಅರಸನಾಗಿಯೇ ಇರುತ್ತಿದ್ದ. ಕೃಷ್ಣಮೂರ್ತಿಯವರ ಹೆಚ್ಚುಗಾರಿಕೆ ಕೊಂಡದ್ದರಲ್ಲಿಲ್ಲ. ಕಿಲುಬಿನೊಳಗೆ ಅಕ್ಷರವಿರಬಹುದೆಂದು ತಾಳ್ಮೆಯಿಂದ ಹುಡುಕಿದ್ದರಲ್ಲಿ, ಬಚ್ಚಿಡದೆ ವಿದ್ವಾಂಸರ ಮುಂದೆ ತಂದಿಟ್ಟದ್ದರಲ್ಲಿ ಇದೆ.

ಕಣ್ಣಿನ ಪರೀಕ್ಷೆ ಎಂದರೆ ಮೈಸೂರಿನ ಕಂಠೀರಾಯಿ ಹಣ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಹೂಡಿ ಒತ್ತಿಸಿದ ಚಿನ್ನದ ಹಣ ಅದು. ಒಂದು ಗ್ರಾಮಿನ ಅರ್ಧದಷ್ಟೂ ತೂಗುವುದಿಲ್ಲ, ಉದ್ದಿನ ಬೇಳೆಗಿಂತ ಬಹಳ ದೊಡ್ಡದಲ್ಲ. ಅಷ್ಟರೊಳಗೆ ಕೂತ ನರಸಿಂಹ. ಎಣಿಸುವಾಗ ಬೆರಳ ಸಂದಿಯಿಂದ ಜಾರುವ ಇಂಥ ಪುಡಿ ನಾಣ್ಯಗಳಿಗೆ ತಿರುವಾಂಕೂರಿನಲ್ಲಿ ಕುಳಿ ಕೊರೆದ ಮರದ ಹಲಗೆಯನ್ನೇ ಮಾಡಿದ್ದರು: ಮೇಲೆ ಸುರಿದು ಅಲ್ಲಾಡಿಸಿದರೆ ಕುಳಿಗೊಂದರಂತೆ ಕೂತು ಎಣಿಕೆ ತಾನೇ ಆಗುತ್ತಿತ್ತು. ಕಂಠೀರಾಯಿ ಹಣ ಮೈಸೂರಿನ ಲೆಕ್ಕಪತ್ರಗಳಲ್ಲಿ ಆ ಒಡೆಯರ ಕಾಲ ಮುಗಿದ ಬಹಳ ಮುಂದಕ್ಕೂ ನಡೆದುಬಂತು, ದಿವಾನ್ ಪೂರ್ಣಯ್ಯನ ದಿನಗಳಲ್ಲಿ ಮತ್ತೆ ಅಚ್ಚಾಯಿತು. ಮುರುಕು ಚಿನ್ನದ ಪೊಟ್ಟಣದ ಮೂಲೆಯಲ್ಲಿ, ಮೂಗುಬೊಟ್ಟಿನ ಚೂರುಗಳ ಜೊತೆ ಇದು ಇದ್ದರೆ ಗೊತ್ತಾಗುವುದೇ ಇಲ್ಲ.

ಬೆಳ್ಳಿ ರೂಪಾಯಿಯ ಕಥೆಗೆ ಹಳೆಯ ಲಿಪಿ ಬೇಕಿಲ್ಲ, ಭೂತಗನ್ನಡಿ ಸಾಕು. ಬ್ರಿಟಿಷ್ ಕಾಲದ ರೂಪಾಯಿ 11.66 ಗ್ರಾಂ, ಸರಿಯಾಗಿ ಒಂದು ತೊಲ. ಹಳ್ಳಿಯ ಅಂಗಡಿಗಳಲ್ಲಿ ರೂಪಾಯಿಯೇ ತೊಲದ ಬೊಟ್ಟು. ಕಾಲುಂಗುರ, ಉಡಿದಾರಕ್ಕೆಂದು ಕರಗಿಸಿದ ವಿಕ್ಟೋರಿಯಾ ರಾಣಿ ಛಾಪಿನ ರೂಪಾಯಿಗೆ ಲೆಕ್ಕವಿಲ್ಲ. ಆ ರಾಶಿಯಲ್ಲಿ 1862 ಎಂಬ ಇಸವಿಯದ್ದು ಬೇಕಾದಷ್ಟು ಸಿಗುತ್ತದೆ, ಏಕೆಂದರೆ 1874ರವರೆಗೂ ಟಂಕಸಾಲೆಗಳು ಅದೇ ಇಸವಿಯನ್ನು ಒತ್ತುತ್ತಿದ್ದವು. ಹಳೆಯ ವರ್ಷದ ನಾಣ್ಯಕ್ಕೆ ವಟ್ಟ ಹಿಡಿಯುವ ಚಿನಿವಾರರ ಕೈ ಕಟ್ಟಲು ಕಂಪನಿ ಸರ್ಕಾರದ ಕಾಲದಿಂದ ಬಂದ ಉಪಾಯ ಇಸವಿಯನ್ನು ಹೀಗೆ ನಿಲ್ಲಿಸಿಬಿಡುವುದು. ಮುಂಬಯಿಯ ಟಂಕಸಾಲೆ ಮಾತ್ರ ಇಸವಿಯ ಆಸುಪಾಸಿನಲ್ಲಿ ಸಣ್ಣ ಚುಕ್ಕಿಗಳನ್ನಿಟ್ಟು ಯಾವ ವರ್ಷದ್ದೆಂದು ತನಗೆ ತಾನೇ ಗುರುತು ಮಾಡಿಕೊಂಡಿತು. ಪ್ರಿಡ್‌ಮೋರ್ ಎಂಬ ವಿದ್ವಾಂಸ ಈ ಚುಕ್ಕಿಗಳನ್ನು ವಿಂಗಡಿಸಿ ಬರೆದ ಮೇಲೆ, ಎಲ್ಲ ಒಂದೇ ಎಂದು ಕಂಡಿದ್ದ 1862ರ ರೂಪಾಯಿಗಳು ಬೇರೆ ಬೇರೆಯಾದವು. ಸಾಸಿವೆಗಿಂತ ಚಿಕ್ಕ ಚುಕ್ಕಿ ಬೆಲೆಯನ್ನು ಏರಿಳಿಸುತ್ತದೆ.

1911ರ ರೂಪಾಯಿಯದು ಇನ್ನೊಂದು ಪ್ರಸಂಗ. ಐದನೆಯ ಜಾರ್ಜ್ ದೊರೆಯ ಹೆಸರಿನ ಮೊದಲ ರೂಪಾಯಿ ಅದು. ಅವನ ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಪುಟ್ಟ ಆನೆ. ಕೆತ್ತನೆಗಾರ ಅದಕ್ಕೆ ಸೊಂಡಿಲು, ಕಾಲುಗಳನ್ನು ಗಿಡ್ಡ ಮಾಡಿದ್ದರಿಂದ ಜನಕ್ಕೆ ಅದು ಹಂದಿಯಂತೆ ಕಂಡಿತು. ಮುಸ್ಲಿಮರಿಗೆ ಅದು ನೋವು ತಂದಿತು. ಸರ್ಕಾರ ಬಿಡುಗಡೆ ನಿಲ್ಲಿಸಿ, ಮಾಡಿಟ್ಟಿದ್ದನ್ನು ಕರಗಿಸಿ, ಮರುವರ್ಷ ಆನೆಯನ್ನು ತಿದ್ದಿ ಹೊಸ ಅಚ್ಚು ತಂದಿತು. ಒತ್ತಿದ್ದು ಸುಮಾರು 94 ಲಕ್ಷ, ಜನರ ಕೈಗೆ ಹೋದದ್ದು 7 ಲಕ್ಷದಷ್ಟು. ಬೆಳ್ಳಿ ಅಂಗಡಿಯ ತಟ್ಟೆಯಲ್ಲಿ 1912, 1913, 1914ರ ರೂಪಾಯಿಗಳ ನಡುವೆ ಒಂದು 1911 ಕಂಡರೆ ಬಲ್ಲವರ ಕೈ ಒಂದು ಕ್ಷಣ ನಿಲ್ಲುವುದು ಇದಕ್ಕೇ. 1939ರ ರೂಪಾಯಿ ಅದಕ್ಕಿಂತಲೂ ಅಪರೂಪ. ಮರುವರ್ಷವೇ ಯುದ್ಧಕಾಲದ ಬೆಳ್ಳಿಯ ಅಭಾವದಿಂದ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು, ಅಪ್ಪಟಕ್ಕೆ ಹತ್ತಿರವಿದ್ದ ಹಿಂದಿನ ವರ್ಷದ್ದು ಹೊರಗೆ ಬಂದದ್ದೇ ಬಹಳ ಕಡಿಮೆ.

ಇಂಥ ಸುದ್ದಿಗಳೇ ಮೋಸಕ್ಕೂ ದಾರಿ. ಒಂದು ಕಡೆ ರಾಮನ ಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಇರುವ ಬಿಲ್ಲೆಗಳು ನಾಡಿನ ಸಂತೆಗಳಲ್ಲೆಲ್ಲ ಇವೆ. ಕಂಪನಿ ಅಂಥ ನಾಣ್ಯವನ್ನು ಒತ್ತಲೇ ಇಲ್ಲ. ವೈಷ್ಣೋದೇವಿಯ ಚಿತ್ರವಿರುವ ಐದು, ಹತ್ತು ರೂಪಾಯಿಗೆ ಲಕ್ಷಗಟ್ಟಲೆ ಸಿಗುತ್ತದೆಂಬ ಮಾತು ನಂಬಿ ‘ಕಮಿಷನ್’ ಕಟ್ಟಿ ಕಳೆದುಕೊಂಡವರಿದ್ದಾರೆ. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ, ಹಳೆಯ ನಾಣ್ಯ ನೋಟುಗಳ ಮಾರಾಟಕ್ಕೆ ತನ್ನ ಹೆಸರು ಬಳಸಿ ಹಣ ಕೇಳುವವರನ್ನು ನಂಬಬೇಡಿ ಎಂದು ಎಚ್ಚರಿಸಬೇಕಾಯಿತು. ಬಡವರ ಆಸೆಯನ್ನು ಹೀಗೆ ಸುಲಿಯುವುದು ಹೇಯ ಕೆಲಸ.

ನಿಜವಾದ ಹಳೆಯ ನಾಣ್ಯ ಸಿಕ್ಕಾಗ ಅದಕ್ಕೆ ಆಗುವ ಅನ್ಯಾಯ ಬೇರೆ. ಮೊದಲನೆಯದು ಹುಣಸೆಹಣ್ಣು. ಹಿತ್ತಾಳೆ ದೀಪದಂತೆ ಉಜ್ಜಿ ಬೆಳಗಿಸಿದ ತಾಮ್ರದ ಕಾಸು ಹೊಳೆಯುತ್ತದೆ ನಿಜ, ನೂರಾರು ವರ್ಷಗಳಲ್ಲಿ ಕಟ್ಟಿದ ಹಸಿರು ಪದರ, ಅದರ ಜೊತೆಗೆ ಅಕ್ಷರದ ಅಂಚು ಎರಡೂ ಹೋಗಿಬಿಡುತ್ತವೆ.

ಎರಡನೆಯದು ಭಯ. 1878ರ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕಿದವರು ಕಲೆಕ್ಟರರಿಗೆ ತಿಳಿಸಬೇಕು. ಸರ್ಕಾರ ಅದನ್ನು ತನಗೆ ಬೇಕೆಂದು ಇಟ್ಟುಕೊಂಡರೆ, ಲೋಹದ ಬೆಲೆಯನ್ನೂ ಅದರ ಐದನೇ ಒಂದು ಭಾಗವನ್ನೂ ಕೂಡಿಸಿ ಕೊಡಬೇಕು. ಇತಿಹಾಸವನ್ನು ಉಳಿಸಲು ಮಾಡಿದ ಕಾನೂನು ಕೂಡ ಲೆಕ್ಕ ಹಾಕುವಾಗ ತಕ್ಕಡಿಯನ್ನೇ ಕೈಗೆತ್ತಿಕೊಂಡಿತು, ಬರಹಕ್ಕೆ ಐದರಲ್ಲೊಂದು ಪಾಲು ಮೇಲೆ ಕೊಟ್ಟಿತು ಅಷ್ಟೆ. ಹೊಲ ಉಳುವಾಗ ಕುಡಿಕೆ ಸಿಕ್ಕ ರೈತನಿಗೆ ಕಚೇರಿಯ ಮೆಟ್ಟಿಲಿಗಿಂತ ಅಕ್ಕಸಾಲಿಯ ಜಗುಲಿ ಹತ್ತಿರವಾಗಿ ಕಂಡರೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ನಷ್ಟ: ನಾಣ್ಯ ಸಿಕ್ಕ ಊರಿನ ಹೆಸರೇ ಅಳಿಯುವುದು. ಚಿತ್ರದುರ್ಗದ ಚಂದ್ರವಳ್ಳಿಯನ್ನು ಈ ನಷ್ಟದ ಪಕ್ಕದಲ್ಲಿಟ್ಟು ನೋಡಬೇಕು. 1909ರಲ್ಲಿ ಆರ್. ನರಸಿಂಹಾಚಾರ್, 1929ರ ಹೊತ್ತಿಗೆ ಎಂ. ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆದರು. ಅಲ್ಲಿ ಸಿಕ್ಕ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ದಿನಾರಿಯಸ್ಸುಗಳು ಕೋಟ್ಟಯಂನ ಐದು ಹೊರೆ ಚಿನ್ನದ ಮುಂದೆ ಏನೂ ಅಲ್ಲ. ಆದರೆ ಅವು ಸಾತವಾಹನ ಕಾಲದ ಮಣ್ಣಿನ ಪದರದಲ್ಲಿ, ಅದೇ ಕಾಲದ ಮಡಕೆ ಚೂರುಗಳ ಜೊತೆ ಇದ್ದವು. ರೋಮಿನ ಅರಸನ ಕಾಲ ಗೊತ್ತು, ಆದ್ದರಿಂದ ಪಕ್ಕದ ಮಡಕೆಯ ಕಾಲವೂ ಗೊತ್ತಾಯಿತು. ಅಲ್ಲಿಂದ ದಕ್ಷಿಣದ ಎಷ್ಟೋ ನೆಲೆಗಳಿಗೆ ಒಂದನೇ ಶತಮಾನದ ಗೂಟ ಹೊಡೆದಂತಾಯಿತು. ಅದೇ ದಿನಾರಿಯಸ್ ಗುಜರಿ ಮೂಟೆಯಲ್ಲಿ ಸಿಕ್ಕಿದ್ದರೆ ಕೊಂಡವರಿಗೆ ಲಾಭವಾಗುತ್ತಿತ್ತು, ಮಡಕೆಗೆ ಮಾತು ಬರುತ್ತಿರಲಿಲ್ಲ.

ಹಾಗೆಂದು ಪೇಟೆಯ ರಾಶಿಯನ್ನು ತಳ್ಳಿಹಾಕುವಂತಿಲ್ಲ. ಎಲಿಯಟ್‌ನಿಂದ ಹಿಡಿದು ‘ಕಾಯಿನ್ಸ್ ಆಫ್ ಕರ್ನಾಟಕ’ ಬರೆದ ಎ. ವಿ. ನರಸಿಂಹಮೂರ್ತಿಯವರವರೆಗೆ ಈ ನಾಡಿನ ನಾಣ್ಯಗಳನ್ನು ಓದಿದವರ ಮುಂದಿದ್ದ ಸಾಮಗ್ರಿಯಲ್ಲಿ ಅಗೆತದ್ದು ಸ್ವಲ್ಪ, ನಿಧಿಯದು ಸ್ವಲ್ಪ, ಪೇಟೆಯದು ಬಹಳ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಂತೂ ಇಂದಿಗೂ ಪೇಟೆಯಲ್ಲೇ ಸಿಗುತ್ತವೆ. ‘ಶ್ರೀ ಚಾಮುಂಡಿ’, ‘ಮಯಿಲಿ ಕಾಸು’ ಎಂದು ಕನ್ನಡದಲ್ಲೂ, ಇಪ್ಪತ್ತು ಕ್ಯಾಶ್ ಎಂದು ಇಂಗ್ಲಿಷಿನಲ್ಲೂ ಬರೆದಿರುವ ಅವನ್ನು ಶಾಲೆಯ ಮಕ್ಕಳೂ ಓದಬಲ್ಲರು.

ಬಲ್ಲ ಸಂಗ್ರಾಹಕರು ಇಂಥ ರಾಶಿ ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳುವ ಮಾತು, ಈ ಮೂಟೆ ಯಾವ ಕಡೆಯಿಂದ ಬಂತು ಎಂಬುದು. ಅಂಗಡಿಯವರಿಗೆ ಸಾಮಾನ್ಯವಾಗಿ ನೆನಪಿರುತ್ತದೆ: ಯಾವ ಸಂತೆ, ಯಾವ ಹೊಳೆಸಾಲು, ಯಾರ ಮನೆಯ ಅಟ್ಟದ ಪಾತ್ರೆಗಳ ಜೊತೆ. ಕಾಸನ್ನು ತೊಳೆಯುವ ಮೊದಲೇ, ಅದನ್ನು ಹಾಕಿಡುವ ಅಂಗೈಯಗಲದ ಕಾಗದದ ಲಕೋಟೆಯ ಮೇಲೆ ಅವರು ಪೆನ್ಸಿಲ್ಲಿನಲ್ಲಿ ಬರೆಯುತ್ತಾರೆ: ತಾಮ್ರ, ಆನೆ ಬಲಕ್ಕೆ, ಖುರ್ಷೀದ್ ಸವಾದ್, ಕುಂದಗೋಳದ ಕಡೆಯ ಕೊಡಗಳ ಜೊತೆ ಬಂದದ್ದು.